ನಾಯಿಯನ್ನು ಮುಟ್ಟಿದರೆ ಶಾಕ್: ಸ್ನಾನ ಕಡಿಮೆ ಮಾಡಿ, ಮನೆಯ ಗಾಳಿಗೆ ತೇವ ಕೊಡಿ

ಪ್ರಶ್ನೆ: ಚಳಿಗಾಲ ಬಂತೆಂದರೆ ನಮ್ಮ ಉದ್ದ ಕೂದಲಿನ ನಾಯಿಯನ್ನು ಸವರಿದಾಗಲೆಲ್ಲ ಚಟ್ಟನೆ ಶಾಕ್ ಹೊಡೆಯುತ್ತದೆ. ಬಾಚಿದರೆ ಕೂದಲೆಲ್ಲ ನಿಮಿರಿ ನಿಲ್ಲುತ್ತದೆ. ವಾರಕ್ಕೆರಡು ಸಲ ಸ್ನಾನ ಮಾಡಿಸಿದರೂ ಕಡಿಮೆಯಾಗಿಲ್ಲ. ಏನು ಮಾಡಬೇಕು?

ಉತ್ತರ: ಪ್ರತಿ ಚಳಿಗಾಲವೂ ಇದೇ ಪ್ರಶ್ನೆ, ಅದರಲ್ಲೂ ಇದೇ ಸ್ನಾನದ ಮಾತು. ಸ್ನಾನ ಮಾಡಿಸಿದರೂ ಕಡಿಮೆಯಾಗಿಲ್ಲ ಎನ್ನುತ್ತೀರಿ. ವಾರಕ್ಕೆರಡು ಸಲ ಮಾಡಿಸುತ್ತಿರುವುದರಿಂದಲೇ ಅದು ಹೆಚ್ಚಾಗಿರುವ ಸಾಧ್ಯತೆ ಇದೆ.

ಕೂದಲಿನಲ್ಲಿ ಕರೆಂಟು ಕೂತಿದೆ, ತೊಳೆದರೆ ಹೋಗುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ವಿದ್ಯುದಾವೇಶವೇನು (ಚಾರ್ಜ್) ಕೊಳೆಯಂತೆ ದಿನೇ ದಿನೇ ಶೇಖರವಾಗುವುದಿಲ್ಲ. ಎರಡು ಬೇರೆ ಬೇರೆ ವಸ್ತುಗಳು ತಾಗಿ ಬೇರ್ಪಟ್ಟಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ಆವೇಶ ದಾಟುತ್ತದೆ. ಶಾಲೆಯಲ್ಲಿ ಎಬೊನೈಟ್ (ಗಟ್ಟಿ ರಬ್ಬರ್) ಸರಳನ್ನು ಬೆಕ್ಕಿನ ತುಪ್ಪಳದಿಂದ ಉಜ್ಜಿ ತೋರಿಸುತ್ತಿದ್ದುದು ಇದನ್ನೇ: ಸರಳು ಋಣ, ತುಪ್ಪಳ ಧನ. ನೀವು ಒಮ್ಮೆ ಸವರಿದರೆ ಒಮ್ಮೆ ಹುಟ್ಟಿತು, ಹತ್ತು ಸಲ ಸವರಿದರೆ ಹತ್ತು ಸಲ. ಬೆಳಗ್ಗೆ ತೊಳೆದದ್ದು ಸಂಜೆ ಹುಟ್ಟುವುದನ್ನು ಹೇಗೆ ತಡೆದೀತು?

‘ಆದರೆ ಸ್ನಾನ ಮಾಡಿಸಿದ ದಿನ ಶಾಕ್ ಹೊಡೆಯಲಿಲ್ಲವಲ್ಲ’ ಎಂದು ಕೇಳುವವರಿದ್ದಾರೆ. ನಿಜ, ಹೊಡೆಯುವುದಿಲ್ಲ. ಒಳಪದರದ ಕೂದಲು ಪೂರ್ತಿ ಒಣಗಲು ಹಲವು ಗಂಟೆ ಬೇಕು. ಅಲ್ಲಿಯವರೆಗೆ ತೇವದ ಮೂಲಕ ಆವೇಶ ಸೋರಿಹೋಗುತ್ತಿರುತ್ತದೆ. ಈ ಅರ್ಧ ದಿನದ ಸಾಕ್ಷ್ಯವೇ ತಪ್ಪು ನಂಬಿಕೆಯನ್ನು ಜೀವಂತ ಇಟ್ಟಿದೆ. ಒಣಗಿದ ಮೇಲೆ ಏನಾಯಿತು ನೋಡಿ. ಚರ್ಮದ ಗ್ರಂಥಿಗಳು ಕೂದಲಿಗೆ ಲೇಪಿಸಿದ್ದ ಜಿಡ್ಡನ್ನು ಶಾಂಪೂ ತೊಳೆದುಹಾಕಿದೆ. ಆ ಜಿಡ್ಡು ಕೂದಲು ಕೂದಲಿಗೆ ಉಜ್ಜುವುದನ್ನು ತಗ್ಗಿಸುತ್ತಿತ್ತು, ಒಳಗಿನ ತೇವ ಆರದಂತೆ ಕಾಯುತ್ತಿತ್ತು. ಅದು ಮರಳಿ ತುಂಬಿಕೊಳ್ಳುವ ಮೊದಲೇ ಮತ್ತೊಂದು ಸ್ನಾನ. ಸಾಲದ್ದಕ್ಕೆ ಟವೆಲಿನಿಂದ ರಪರಪನೆ ಉಜ್ಜುವುದು, ಬಿಸಿ ಡ್ರೈಯರ್ ಹಿಡಿಯುವುದು. ಆವೇಶ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ.

ಆದ್ದರಿಂದ ಚಳಿಗಾಲದಲ್ಲಿ ಆರೋಗ್ಯವಂತ ನಾಯಿಗೆ 4ರಿಂದ 6 ವಾರಕ್ಕೊಂದು ಸ್ನಾನ ಸಾಕು. ಬೆಕ್ಕಿಗೆ ಸಾಮಾನ್ಯವಾಗಿ ಬೇಡವೇ ಬೇಡ. ಚರ್ಮರೋಗಕ್ಕೆ ವೈದ್ಯರು ಔಷಧಿ ಶಾಂಪೂ ಬರೆದಿದ್ದರೆ ಮಾತ್ರ ಅವರು ಹೇಳಿದಷ್ಟು ಸಲ. ಪ್ರಾಣಿಗಳಿಗೆಂದೇ ಮಾಡಿದ ಶಾಂಪೂ, ನಂತರ ಪ್ರಾಣಿಗಳದ್ದೇ ಕಂಡೀಷನರ್. ಟವೆಲಿನಿಂದ ಒತ್ತಿ ನೀರು ಹೀರಿಸಿ, ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಬುಡದವರೆಗೆ ಒಣಗಿಸಿ.

ಮೂಲ ಕಾರಣ ಗಾಳಿಯಲ್ಲಿದೆ. 0 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಹೀಟರಿನಿಂದ ಬೆಚ್ಚಗಾದಾಗ ನೀರಾವಿ ಅಷ್ಟೇ ಇರುತ್ತದೆ, ಹಿಡಿಯುವ ಸಾಮರ್ಥ್ಯ ಮೂರು ಪಟ್ಟು ಮೀರುತ್ತದೆ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇ 30ಕ್ಕಿಂತ ಕೆಳಗಿಳಿಯುವುದು ಹೀಗೆ. ಆರ್ದ್ರತೆ ಚೆನ್ನಾಗಿದ್ದಾಗ ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ, ಆವೇಶ ಅದರ ಮೂಲಕ ಜಾರಿಹೋಗುತ್ತದೆ. ಒಣಗಾಳಿಯಲ್ಲಿ ಆ ದಾರಿಯೇ ಮುಚ್ಚಿಹೋಗುತ್ತದೆ.

ಹಾಗಾಗಿ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಬಳಸಿ, ಅದಕ್ಕೂ ಮೊದಲು ಆರ್ದ್ರತಾಮಾಪಕವೊಂದನ್ನು ತನ್ನಿ. ಮಾಪಕವನ್ನು ಹ್ಯೂಮಿಡಿಫೈಯರ್‌ನಿಂದ ದೂರ, ನಾಯಿ ಮಲಗುವ ಕಡೆ ಇಡಿ. ಶೇ 40ರಿಂದ 50 ನಮ್ಮ ಗುರಿ. 60 ದಾಟಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹ್ಯೂಮಿಡಿಫೈಯರ್‌ನ ನೀರನ್ನು ದಿನವೂ ಬದಲಿಸಿ. ಅಲ್ಟ್ರಾಸಾನಿಕ್ (ಕಂಪನದಿಂದ ನೀರನ್ನು ಮಂಜಾಗಿಸುವ) ಮಾದರಿಗೆ ಗಡಸು ನೀರು ಹಾಕಿದರೆ ಬಿಳಿ ಪುಡಿ ಹಾರುತ್ತದೆ, ಡಿಸ್ಟಿಲ್ಡ್ ನೀರು ಹಾಕಿ. ಸುಗಂಧ ತೈಲದ ಹನಿ ಬೆರೆಸಲೇಬೇಡಿ. ಬೆಕ್ಕುಗಳಿಗೆ ಹಲವು ತೈಲಗಳು ವಿಷ.

ಇನ್ನು ಬಾಚಣಿಗೆ. ಪ್ಲಾಸ್ಟಿಕ್, ನೈಲಾನ್ ಬಿಟ್ಟು ಲೋಹದ್ದನ್ನು ಬಳಸಿ. ಇಲ್ಲೊಂದು ಸೂಕ್ಷ್ಮವಿದೆ: ಹಿಡಿ ಪ್ಲಾಸ್ಟಿಕ್ಕಿನದ್ದಾದರೆ ಹಲ್ಲುಗಳಿಗೆ ಬಂದ ಆವೇಶ ನಿಮ್ಮ ಕೈಗೆ ದಾಟುವುದಿಲ್ಲ. ಒಂದು ಬೆರಳು ಲೋಹಕ್ಕೆ ತಾಗುವಂತೆ ಹಿಡಿಯಿರಿ. ಸ್ಪ್ರೇ ಬಾಟಲಿಯಿಂದ ಬಾಚಣಿಗೆಗೆ ಒಂದೆರಡು ಸಲ ನೀರು ಸಿಂಪಡಿಸಿ, ಕೂದಲು ಮಲಗಿರುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಹಾಸಿಗೆ ಪಾಲಿಯೆಸ್ಟರ್ ಫ್ಲೀಸ್ ಆಗಿದ್ದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ.

ಆವೇಶ ಹೊತ್ತು ತರುವವರು ಎಷ್ಟೋ ಸಲ ನೀವೇ. ರಬ್ಬರ್ ಅಡಿಯ ಚಪ್ಪಲಿ ತೊಟ್ಟು ಕಾರ್ಪೆಟ್ ಮೇಲೆ ನಡೆದುಬಂದು ನಾಯಿಯ ಮೂಗಿಗೆ ಬೆರಳು ಚಾಚಿದರೆ ಕಿಡಿ ಹಾರುವುದು ಅದರ ಒದ್ದೆ ಮೂಗಿಗೆ. ಮೊದಲು ನೀರಿನ ಲೋಹದ ನಲ್ಲಿ ಮುಟ್ಟಿ, ಆಮೇಲೆ ಅಂಗೈ ಅಗಲಿಸಿ ಬೆನ್ನಿನ ಮೇಲಿಡಿ. ಪದೇ ಪದೇ ಶಾಕ್ ತಿಂದ ಪ್ರಾಣಿ ಕೈ ಕಂಡರೆ ಹಿಂಜರಿಯತೊಡಗುತ್ತದೆ, ಅದಕ್ಕಾಗಿಯಾದರೂ ಇದನ್ನು ಮಾಡಿ.

ಬಟ್ಟೆ ಮೃದುವಾಗಿಸುವ ದ್ರವವನ್ನು ನೀರಿಗೆ ಬೆರೆಸಿ ಸಿಂಪಡಿಸುವ ಸಲಹೆ ಎಲ್ಲಿ ಕಂಡರೂ ನಂಬಬೇಡಿ. ಅದರಲ್ಲಿರುವ ಕ್ಯಾಟಯಾನಿಕ್ (ಧನ ಆವೇಶದ) ರಾಸಾಯನಿಕಗಳು ಬಟ್ಟೆಯ ಸ್ಥಿರ ವಿದ್ಯುತ್ತನ್ನು ಕಡಿಮೆ ಮಾಡುವುದು ನಿಜವೇ. ಆದರೆ ನಾಯಿ, ಬೆಕ್ಕು ಮೈ ನೆಕ್ಕಿಕೊಳ್ಳುತ್ತವೆ. ನಾಲಿಗೆ, ಬಾಯಿ ಹುಣ್ಣಾಗುತ್ತದೆ.

ಕತ್ತಲಲ್ಲಿ ಸವರಿದಾಗ ಕಿಡಿ ಕಾಣುವುದೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ವಿದ್ಯುತ್ ಕ್ಷೇತ್ರದ ಹೆಸರಾಂತ ಸಂಶೋಧಕ ನಿಕೊಲಾ ಟೆಸ್ಲಾ 1939ರ ಪತ್ರವೊಂದರಲ್ಲಿ ಬಾಲ್ಯದ ಬೆಕ್ಕು ಮಾಚಕ್‌ನ ಬೆನ್ನಿನಲ್ಲಿ ಇಂಥ ಕಿಡಿ ಕಂಡದ್ದನ್ನು ನೆನೆದಿದ್ದಾರೆ. ಆವೇಶ ಗಾಳಿಯನ್ನು ಸೀಳಿಕೊಂಡು ಹಾರುವಾಗ ಕಾಣುವ ಬೆಳಕೇ ಆ ಕಿಡಿ. ಒಂದು ಮಿಲಿಮೀಟರ್ ಗಾಳಿಯನ್ನು ಸೀಳಲು ಸುಮಾರು 3,000 ವೋಲ್ಟ್ ಬೇಕು. ಕೇಳಲು ಭಯವಾದರೂ ಆಗ ಹರಿಯುವ ಶಕ್ತಿ ಒಂದು ಮಿಲಿಜೌಲ್‌ಗಿಂತ ಕಡಿಮೆ. ತುಪ್ಪಳ ಹೊತ್ತಿಕೊಳ್ಳುವುದಿಲ್ಲ, ಹೃದಯಕ್ಕೂ ಏನೂ ಆಗುವುದಿಲ್ಲ. ಸ್ಪಿರಿಟ್ಟಿನ ಆವಿಗೆ ಮಾತ್ರ ಅಷ್ಟು ಕಿಡಿಯೂ ಸಾಕಾಗಬಹುದು. ಆದ್ದರಿಂದ ಆಲ್ಕೋಹಾಲ್ ಇರುವ ಸ್ಪ್ರೇ ಹೊಡೆದು ಅದರ ಮೇಲೆಯೇ ಬಾಚುವ ಅಭ್ಯಾಸವಿದ್ದರೆ ಇಂದೇ ಬಿಡಿ.