ಅಮೆರಿಕದಲ್ಲಿ ಯುದ್ಧಕ್ಕೆ ಹೂಂ ಅನ್ನಬೇಕಾದವರು ಯಾರು?

ಅಮೆರಿಕ ಕೊನೆಯ ಸಲ ವಿಧಿಪೂರ್ವಕವಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ಬಲ್ಗೇರಿಯ, ಹಂಗೇರಿ, ರೊಮೇನಿಯಗಳ ಮೇಲೆ. ಹಾಗಾದರೆ ಕೊರಿಯ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್? ಕಾಗದದ ಮೇಲೆ ಅವು ಯಾವುವೂ ಸಾರಿ ಮಾಡಿದ ಯುದ್ಧಗಳಲ್ಲ. ಅದಕ್ಕೇ ಅಮೆರಿಕದ ವಿಮಾನ ಎಲ್ಲಾದರೂ ಬಾಂಬ್ ಹಾಕಿದ ಮರುದಿನ ಅದೇ ಹಳೆಯ ಜಗಳ ಶುರುವಾಗುತ್ತದೆ: ಅಧ್ಯಕ್ಷರು ಕಾಂಗ್ರೆಸ್ಸನ್ನು ಕೇಳಬೇಕಿತ್ತಲ್ವಾ? (ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷವಲ್ಲ, ಅಲ್ಲಿನ ಸಂಸತ್ತು.)

1787ರ ಸಂವಿಧಾನದಲ್ಲಿ ವಿಷಯ ಸರಳವಾಗಿಯೇ ಇದೆ. ಯುದ್ಧ ಸಾರುವುದು ಕಾಂಗ್ರೆಸ್, ಸೇನೆ ನಡೆಸುವುದು ಅಧ್ಯಕ್ಷ. ಆಮೇಲಿನ ಒಂದೂವರೆ ಶತಮಾನದಲ್ಲಿ ಕಾಂಗ್ರೆಸ್ 5 ಯುದ್ಧಗಳಿಗೆ ಒಟ್ಟು 11 ಘೋಷಣೆ ಹೊರಡಿಸಿತು. ನಡುವೆ ಯಾರನ್ನೂ ಕೇಳದೆ ನಡೆದ ಸಣ್ಣಪುಟ್ಟ ದಂಡಯಾತ್ರೆಗಳೂ ಬೇಕಾದಷ್ಟಿದ್ದವು. ದೊಡ್ಡ ಯುದ್ಧಕ್ಕೆ ಮಾತ್ರ ಮತ ಹಾಕುವ ರೂಢಿ ಉಳಿದಿತ್ತು.

ಅದು ತಪ್ಪಿದ್ದು 1950ರಲ್ಲಿ. ಕೊರಿಯಕ್ಕೆ ಸೇನೆ ಕಳಿಸಿದ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಮತ ಕೇಳಲೇ ಇಲ್ಲ. ವಿಶ್ವಸಂಸ್ಥೆಯ ನಿರ್ಣಯ ಇದೆಯಲ್ಲ, ಸಾಕು ಅಂದರು. ಇದನ್ನು 'ಪೊಲೀಸ್ ಕಾರ್ಯಾಚರಣೆ' ಅನ್ನಬಹುದೇ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಹೌದು ಎಂದು ಒಪ್ಪಿಕೊಂಡರು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 1948ರಲ್ಲಿ ನಿಜಾಮನ ಸಂಸ್ಥಾನಕ್ಕೆ ನುಗ್ಗಿದ ಭಾರತೀಯ ಸೇನೆಯ ಕೆಲಸಕ್ಕೂ ಇದೇ ಹೆಸರಿತ್ತು. ಹೆಸರು ಪೊಲೀಸರದ್ದು, ಹೋದದ್ದು ಸೈನ್ಯ.

ಎಲ್ಲಕ್ಕಿಂತ ಜಾಸ್ತಿ ನಿಂತು ನೋಡಬೇಕಾದದ್ದು 1964ರ ಆಗಸ್ಟ್ ತಿಂಗಳ ಆ ಒಂದು ವಾರ.

ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಉತ್ತರ ವಿಯೆಟ್ನಾಮಿನ ದೋಣಿಗಳು ಮ್ಯಾಡಾಕ್ಸ್ ಎಂಬ ಅಮೆರಿಕನ್ ಯುದ್ಧನೌಕೆಯ ಮೇಲೆ ದಾಳಿ ಮಾಡಿದವು. ಇದು ನಡೆದದ್ದು ನಿಜ. 4ನೇ ತಾರೀಕಿನ ರಾತ್ರಿ ಮತ್ತೊಂದು ದಾಳಿ ಆಯಿತೆಂದು ಸುದ್ದಿ ಬಂತು. ಕಗ್ಗತ್ತಲು, ಹವಾಮಾನವೂ ಕೆಟ್ಟಿತ್ತು. ನೀರೊಳಗಿನ ಸದ್ದು ಹಿಡಿಯುವ ಯಂತ್ರದ ಮುಂದೆ ಕೂತವರು ಟಾರ್ಪೆಡೊ ಬಂತು, ಇನ್ನೊಂದು ಬಂತು ಅನ್ನುತ್ತಲೇ ಇದ್ದರು. ಮ್ಯಾಡಾಕ್ಸ್ ಮತ್ತು ಜೊತೆಯಲ್ಲಿದ್ದ ಟರ್ನರ್ ಜಾಯ್ ನೌಕೆಗಳು ಕತ್ತಲೆಗೆ ಗುಂಡು ಹಾರಿಸಿದವು. ಮೇಲೆ ಹಾರುತ್ತಿದ್ದ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್‌ಗೆ ಕೆಳಗೆ ತಮ್ಮ ನೌಕೆಗಳು ಬಿಟ್ಟರೆ ಒಂದು ದೋಣಿಯೂ ಕಾಣಲಿಲ್ಲ. ಕೆಲವೇ ಗಂಟೆಗಳಲ್ಲಿ ನೌಕೆಗಳ ಹಿರಿಯ ಅಧಿಕಾರಿಗೂ ಅನುಮಾನ ಬಂತು. ಹವಾಮಾನದ ಆಟವಿರಬಹುದು, ಯಂತ್ರದ ಮುಂದಿದ್ದವರ ಅತಿ ಉತ್ಸಾಹವೂ ಇರಬಹುದು, ಪೂರ್ತಿ ಪರಿಶೀಲಿಸಿ ಮುಂದುವರಿಯಿರಿ ಎಂದು ಆತ ಸಂದೇಶ ಕಳಿಸಿದ.

ಅಷ್ಟು ಕಾಯುವ ವ್ಯವಧಾನ ವಾಷಿಂಗ್ಟನ್ನಿನಲ್ಲಿ ಇರಲಿಲ್ಲ. ಅಲ್ಲಿ ನಡುರಾತ್ರಿಯಾಗುವ ಹೊತ್ತಿಗೆ ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಪ್ರತಿದಾಳಿಯನ್ನು ಪ್ರಕಟಿಸಿದರು. 7ನೇ ತಾರೀಕು ಕಾಂಗ್ರೆಸ್ 'ಅಗತ್ಯವಾದ ಎಲ್ಲ ಕ್ರಮ' ತೆಗೆದುಕೊಳ್ಳಿ ಎಂದು ಅಧ್ಯಕ್ಷರಿಗೆ ಬರೆದುಕೊಟ್ಟಿತು. ಕೆಳಮನೆಯಲ್ಲಿ 416–0. ಸೆನೆಟ್‌ನಲ್ಲಿ 88–2. ಬೇಡ ಅಂದವರು ಒರೆಗಾನ್‌ನ ವೇನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್, ಇಬ್ಬರೇ. 1968ರಲ್ಲಿ ಇಬ್ಬರೂ ಸೀಟು ಕಳೆದುಕೊಂಡರು. ಸೋಲಿಗೆ ಬೇರೆ ಕಾರಣಗಳೂ ಇದ್ದವು ಅನ್ನಿ. ಆದರೂ ಉಳಿದ ಸದಸ್ಯರು ಅದನ್ನು ಗಮನಿಸದೆ ಇದ್ದಾರೆಯೇ? ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ಇತಿಹಾಸಕಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪುವ ಮಾತು. ಅಷ್ಟರಲ್ಲಿ ವಿಯೆಟ್ನಾಮಿನಲ್ಲಿ ಸತ್ತ ಅಮೆರಿಕನ್ ಸೈನಿಕರೇ 58 ಸಾವಿರಕ್ಕೂ ಹೆಚ್ಚು. ವಿಯೆಟ್ನಾಮಿಗರ ಲೆಕ್ಕ ಲಕ್ಷಗಳಲ್ಲಿದೆ.

ಆ ನಿರ್ಣಯವನ್ನು ಸೆನೆಟ್‌ನಲ್ಲಿ ದಾಟಿಸಿದ್ದು ವಿದೇಶಾಂಗ ಸಮಿತಿಯ ಅಧ್ಯಕ್ಷ ವಿಲಿಯಂ ಫುಲ್‌ಬ್ರೈಟ್. ಎರಡು ವರ್ಷ ಕಳೆಯುವುದರೊಳಗೆ ಅದೇ ಫುಲ್‌ಬ್ರೈಟ್ ಟಿವಿ ಕ್ಯಾಮೆರಾಗಳ ಮುಂದೆ ವಿಯೆಟ್ನಾಂ ವಿಚಾರಣೆ ನಡೆಸುತ್ತಿದ್ದರು.

ಪಶ್ಚಾತ್ತಾಪಕ್ಕೆ ಕಾನೂನಿನ ರೂಪ ಬಂದದ್ದು 1973ರ ನವೆಂಬರ್‌ನಲ್ಲಿ. ನಿಕ್ಸನ್ ವೀಟೊ ಹಾಕಿದರು, ಎರಡೂ ಸದನಗಳು ಅದನ್ನು ಮೀರಿ ಯುದ್ಧಾಧಿಕಾರ ನಿರ್ಣಯವನ್ನು ಪಾಸು ಮಾಡಿದವು. ಸೇನೆ ಕಳಿಸಿದ 48 ಗಂಟೆಯಲ್ಲಿ ಅಧ್ಯಕ್ಷರು ವರದಿ ಕೊಡಬೇಕು. ಕಾಂಗ್ರೆಸ್ ಒಪ್ಪದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸಾತಿಗೆ ಇನ್ನೂ 30 ದಿನ. ಅಷ್ಟು ಕಾಯದೆ ಅಧ್ಯಕ್ಷರ ಸಹಿಯಿಲ್ಲದೆಯೇ ಎರಡು ಸದನಗಳು ಸೇರಿ ನಿಲ್ಲಿಸಬಹುದು ಎಂಬ ಕಲಮೂ ಇತ್ತು.

ಈ ಕಲಮಿಗೆ ಪೆಟ್ಟು ಬಿದ್ದದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಕೇಸಿನಿಂದ. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ವೀಸಾ ಅವಧಿ ಮುಗಿದಿತ್ತು. ಅವನು ಇರಲಿ ಎಂದು ಸರ್ಕಾರ ಒಪ್ಪಿತು, ಕೆಳಮನೆ ಮಾತ್ರ ಬೇಡ ಎಂದು ಮತ ಹಾಕಿತು. ಹಾಗೆಲ್ಲ ಆಗದು, ಕಾನೂನಿನ ಬಲ ಬೇಕಿದ್ದರೆ ಅಧ್ಯಕ್ಷರ ಮುಂದೆ ಹೋಗಲೇಬೇಕು ಎಂದು 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಯುದ್ಧ ನಿಲ್ಲಿಸುವ ನಿರ್ಣಯಕ್ಕೂ ಅಧ್ಯಕ್ಷರದೇ ಸಹಿ ಬೇಕಾಯಿತು. ಅವರು ಹಾಕದಿದ್ದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ. 2019ರಲ್ಲಿ ಯೆಮನ್ ವಿಷಯದ ನಿರ್ಣಯ ಪಾಸಾಗಿಯೂ ವೀಟೊಗೆ ಬಿದ್ದದ್ದು ಹೀಗೆ.

ಇನ್ನು 2001ರ ಸೆಪ್ಟೆಂಬರ್ 14. ಅವಳಿ ಗೋಪುರ ಬಿದ್ದು ಮೂರೇ ದಿನ. ದಾಳಿ ಮಾಡಿದವರ ಮೇಲೆ ಸೇನೆ ಬಳಸಲು ಕಾಂಗ್ರೆಸ್ ಅಧ್ಯಕ್ಷರಿಗೆ ಅನುಮತಿ ಕೊಟ್ಟಿತು. ಸೆನೆಟ್‌ನಲ್ಲಿ 98–0, ಕೆಳಮನೆಯಲ್ಲಿ 420–1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದ್ದು. ಅನುಮತಿಯ ಮುಖ್ಯ ವಾಕ್ಯ ಬರೀ 60 ಪದ, ಕೊನೆಯ ದಿನಾಂಕ ಇಲ್ಲ. ದಾಳಿ ಮಾಡಿದವರಿಗಾಗಿ ಬರೆದ ಆ ವಾಕ್ಯವನ್ನೇ ಮುಂದೆ ಯೆಮನ್, ಸೊಮಾಲಿಯ, ಸಿರಿಯಾಕ್ಕೂ ಹಿಗ್ಗಿಸಿದರು. 2014ರಲ್ಲಿ ಐಸಿಸ್ ಮೇಲಿನ ಯುದ್ಧಕ್ಕೂ ಅದೇ ಆಧಾರ. 2011ರ ಲಿಬಿಯಾ ಕಥೆ ಇನ್ನೂ ಸೊಗಸು: 60 ದಿನ ಕಳೆದರೂ ಬಾಂಬ್ ಬೀಳುತ್ತಿತ್ತು, ಇದು ಕಾನೂನು ಹೇಳುವ 'ಕಾದಾಟ' ಅಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು. ಎರಡೂ ಪಕ್ಷಗಳ ಅಧ್ಯಕ್ಷರು ಈ ದಾರಿಯಲ್ಲಿ ನಡೆದಿದ್ದಾರೆ. ಮತ ಹಾಕಿದರೆ ಮುಂದಿನ ಚುನಾವಣೆಯಲ್ಲಿ ಉತ್ತರ ಕೊಡಬೇಕು. ಹಾಕದಿದ್ದರೆ ಯುದ್ಧ ಗೆದ್ದಾಗ ಚಪ್ಪಾಳೆ ತಟ್ಟಬಹುದು, ಸೋತಾಗ ಬೈಯಬಹುದು. ಕಾಂಗ್ರೆಸ್ಸಿಗೂ ಇದರಲ್ಲಿ ಅಂಥ ನಷ್ಟವೇನಿಲ್ಲ.

2025ರ ಜೂನ್‌ನಲ್ಲಿ ಬಿ-2 ವಿಮಾನಗಳು ಇರಾನಿನ ಪರಮಾಣು ನೆಲೆಗಳ ಮೇಲೆ ಬಾಂಬ್ ಹಾಕಿದವು. ಇರಾನ್ ಮೇಲೆ ಇನ್ನು ದಾಳಿ ಮಾಡಲು ಕಾಂಗ್ರೆಸ್ಸಿನ ಅನುಮತಿ ಬೇಕು ಎಂಬ ನಿರ್ಣಯ ಸೆನೆಟ್‌ಗೆ ಬಂದದ್ದು ಜೂನ್ 27ರಂದು. 47–53ರಲ್ಲಿ ಬಿದ್ದುಹೋಯಿತು. ಅಷ್ಟು ಹೊತ್ತಿಗೆ ವಿಮಾನಗಳು ಮಿಸೌರಿಯ ತಮ್ಮ ನೆಲೆಗೆ ಮರಳಿ ಐದು ದಿನವಾಗಿತ್ತು.