ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆದರೆ ಗ್ರಾಫಿಕ್ಸ್ ಚಿಪ್ ಹೋಯಿತು ಅಂತಲೇನಾ?

ಪ್ರಶ್ನೆ: ನಮ್ಮ ಮನೆ ನಾಪೋಕ್ಲು ಹತ್ತಿರ. ಲ್ಯಾಪ್‌ಟಾಪ್‌ಗೆ ಐದು ವರ್ಷ. ತೋಟದ ಲೆಕ್ಕ, ಮಗಳ ಓದು ಎಲ್ಲ ಅದರಲ್ಲೇ. ಈ ಮಳೆಗಾಲದಿಂದ ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತಿದೆ. ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು. ಗ್ರಾಫಿಕ್ಸ್ ಚಿಪ್ ಹೋಗಿದೆ, ಮದರ್‌ಬೋರ್ಡ್ ಬದಲಿಸಬೇಕು ಎಂದು ಅಂಗಡಿಯಲ್ಲಿ ಹೇಳಿದರು. ಬದಲಿಸಲಾ, ಹೊಸದೇ ತಗೊಳ್ಳಲಾ?

ಉತ್ತರ: ಎರಡೂ ಈಗಲೇ ಬೇಡ. ಮೊದಲು ಲೆಕ್ಕದ ಫೈಲು, ಫೋಟೊಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಕೆಡುತ್ತಿರುವಾಗಲೂ ಲ್ಯಾಪ್‌ಟಾಪ್ ಹೀಗೇ ನಿಲ್ಲುತ್ತದೆ. ಅದೇ ಕಾರಣವಾಗಿದ್ದರೆ ನಾಳೆ ಫೈಲುಗಳು ಸಿಗದೇ ಹೋಗಬಹುದು.

ಈಗ ಒಂದು ವಿಷಯ ನೋಡಿ. ಸ್ಟಾರ್ಟ್‌ನಲ್ಲಿ ‘ಡಿವೈಸ್ ಮ್ಯಾನೇಜರ್’ ಹುಡುಕಿ ತೆರೆದು ಡಿಸ್ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ಎಷ್ಟು ಹೆಸರಿವೆ? ಇಂಟೆಲ್ ಯುಎಚ್‌ಡಿ ಎಂಬ ಒಂದೇ ಹೆಸರಿದ್ದರೆ ಬಹುಶಃ ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಚಿಪ್ಪೇ ಇಲ್ಲ. ಗ್ರಾಫಿಕ್ಸ್ ಭಾಗ ಪ್ರೊಸೆಸರ್ ಒಳಗೇ ಇದೆ, ಕೆಡುವುದು ಅಪರೂಪ. ಆಗ ಅಂಗಡಿಯವರನ್ನು ‘ಯಾವ ಚಿಪ್, ಹೇಗೆ ಗೊತ್ತಾಯಿತು?’ ಎಂದು ಕೇಳಲೇಬೇಕು. ಬೇರೆ ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ ಕಂಪನಿಯ ಹೆಸರೂ ಜೊತೆಗಿದ್ದರೆ ಅವರ ಮಾತು ನಿಜವಿರಬಹುದು. ಆದರೂ ಅದನ್ನು ಪರೀಕ್ಷಿಸಿಯೇ ನಂಬಬೇಕು.

ಮುಂದಿನ ಸಲ ಹ್ಯಾಂಗ್ ಆದಾಗ ತಕ್ಷಣ ಪವರ್ ಬಟನ್ ಒತ್ತಬೇಡಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ, ಅಥವಾ ಹಾಡು ಇನ್ನೂ ಕೇಳುತ್ತಿದ್ದರೆ, ಒಳಗೆ ಕೆಲಸ ನಡೆಯುತ್ತಿದೆ, ನಿಂತಿರುವುದು ಚಿತ್ರ ಮಾತ್ರ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶ) ಹೊಸದಾಗಿ ಶುರುವಾಗುತ್ತದೆ. ಪರದೆ ಒಮ್ಮೆ ಕಪ್ಪಾಗಿ ಸರಿಹೋದರೆ ಅನುಮಾನ ಗ್ರಾಫಿಕ್ಸ್ ಕಡೆಗೇ. ಹಾಗಿದ್ದರೂ ಅದು ಡ್ರೈವರ್ ತೊಂದರೆ ಇರಬಹುದು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಡ್ರೈವರ್ ಇಳಿಸಿ, ಹಳೆಯದನ್ನು ತೆಗೆದು ಅದನ್ನು ಹಾಕಿ ನೋಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ದೀಪವೂ ಅಲುಗದಿದ್ದರೆ ಇಡೀ ಯಂತ್ರವೇ ನಿಂತಿದೆ ಎಂದು ತಿಳಿಯಿರಿ. ಆಗ ಕರೆಂಟು, ಬಿಸಿ, ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್, ಡಿಸ್ಕ್, ಚಿಪ್ ಯಾವುದೂ ಇರಬಹುದು.

ಕೊಡಗಿನಲ್ಲಿ ನಾನು ಮೊದಲು ಅನುಮಾನಿಸುವುದು ಕರೆಂಟನ್ನು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಬರುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪ್‌ನ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಾದರೆ ಅರ್ಥಿಂಗ್ ತೋರಿಸಿ, ಅದು ನಿಮ್ಮ ಸುರಕ್ಷತೆಗೂ ಬೇಕು. ಪರೀಕ್ಷೆ ಸುಲಭ: ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಎರಡು ಮೂರು ದಿನ ಹೀಗೆ ಬ್ಯಾಟರಿಯಲ್ಲೇ ಕೆಲಸ ಮಾಡಿ. ಹ್ಯಾಂಗ್ ನಿಂತರೆ ಚಾರ್ಜರ್ ಅಥವಾ ಮನೆಯ ವೈರಿಂಗ್ ನೋಡಿಸಬೇಕು. ಕೆಳಭಾಗ ಉಬ್ಬಿದ್ದರೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಅದು ಬ್ಯಾಟರಿ ಊದಿದ ಲಕ್ಷಣ, ಬಳಸುವುದನ್ನೇ ನಿಲ್ಲಿಸಿ.

ಎರಡನೆಯದು ತೇವ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದಲ್ವಾ, ಲ್ಯಾಪ್‌ಟಾಪ್ ಒಳಗೂ ಅದೇ ಗಾಳಿ. ನನ್ನ ಹಳೇ ಲ್ಯಾಪ್‌ಟಾಪ್‌ಗೂ ಮದರ್‌ಬೋರ್ಡ್ ಹೋಗಿದೆ ಎಂದಿದ್ದರು. ಬೇರೊಬ್ಬರು ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಒರೆಸಿ ಮತ್ತೆ ಕೂರಿಸಿದರು. ಆಮೇಲೆ ಮೂರು ವರ್ಷ ಓಡಿತು. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ಹತ್ತು ನಿಮಿಷದ ಈ ಕೆಲಸ ಮಾಡಿಸದೇ ಮದರ್‌ಬೋರ್ಡ್‌ಗೆ ದುಡ್ಡು ಕೊಡಬೇಡಿ. ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿದರೆ ರ‍್ಯಾಮ್ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹೇಳುತ್ತದೆ.

ಫ್ಯಾನಿನ ಧೂಳನ್ನೂ ತೆಗೆಸಿ. ಸೌದೆ ಒಲೆಯ ಮನೆಯಾದರೆ ಹೊಗೆಯ ಜಿಡ್ಡೂ ಸೇರಿ ಗಟ್ಟಿ ಕೂತಿರುತ್ತದೆ. ಮತ್ತೆ, ತೇವ ಒಣಗಲಿ ಎಂದು ಲ್ಯಾಪ್‌ಟಾಪನ್ನು ಒಲೆ ಹತ್ತಿರ ಇಡಬೇಡಿ, ದಯವಿಟ್ಟು.

ಹಾಗಾದರೆ ಗ್ರಾಫಿಕ್ಸ್ ಚಿಪ್ಪೇ ಹೋದದ್ದು ಹೇಗೆ ಗೊತ್ತಾಗುತ್ತದೆ? ಪರದೆಯಲ್ಲಿ ಗೆರೆ, ಬಣ್ಣದ ಚೌಕಗಳು ಕಾಣುತ್ತವೆ. ವಿಂಡೋಸ್ ಬರುವ ಮೊದಲೇ, ಕಂಪನಿಯ ಲೋಗೋ ಮೇಲೂ ಕಾಣಬಹುದು. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಸೇರಿಸಿ. ಟಿವಿಯಲ್ಲೂ ಅದೇ ಗೆರೆ ಬಂದರೆ ಚಿಪ್ ಮೇಲೆ ಅನುಮಾನ ಗಟ್ಟಿ. ಟಿವಿಯಲ್ಲಿ ಸರಿ ಇದ್ದರೆ ಪರದೆ ಅಥವಾ ಅದರ ಕೇಬಲ್. ಎನ್ವಿಡಿಯಾ ಜೊತೆ ಇಂಟೆಲ್ ಗ್ರಾಫಿಕ್ಸ್ ಕೂಡ ಇದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಎನ್ವಿಡಿಯಾವನ್ನು ಮಾತ್ರ ಡಿಸೇಬಲ್ ಮಾಡಿ ಒಂದು ವಾರ ಬಳಸಿ. ಹ್ಯಾಂಗ್ ಪೂರ್ತಿ ನಿಂತರೆ ಕಾರಣ ಅಲ್ಲಿದೆ. ಒಳ್ಳೆಯ ವಿಷಯವೆಂದರೆ ಲೆಕ್ಕ, ಓದು, ವೀಡಿಯೊಗೆ ಇಂಟೆಲ್ ಸಾಕು. ಹಾಗೆಯೇ ಬಳಸುತ್ತಾ ಹೋಗಬಹುದು.

ಚಿಪ್ಪಿಗೆ ಬಿಸಿ ಗಾಳಿ ಹೊಡೆದು ಸರಿ ಮಾಡುತ್ತೇವೆ ಎಂದರೆ ನಾನಂತೂ ಬೇಡ ಎನ್ನುತ್ತೇನೆ. ಕಾದು, ತಣಿದು, ಮತ್ತೆ ಕಾದು ಬೆಸುಗೆ ಬಿರುಕು ಬಿಡುವುದುಂಟು. ಎಷ್ಟೋ ಸಲ ಬಿರುಕು ಇರುವುದು ಚಿಪ್ಪಿನ ಒಳಗೇ. 2008ರಲ್ಲಿ ಎನ್ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇಂಥ ದೋಷ ಒಪ್ಪಿಕೊಂಡು, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತ್ತು. ಬಿಸಿ ಮಾಡಿದರೆ ಕೆಲವು ದಿನ ಅಂಟಿಕೊಳ್ಳುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ನಿಂತಿತು, ಚಾರ್ಜರ್ ಇತ್ತಾ, ಕೈಗೆ ಬಿಸಿ ತಗುಲಿತಾ, ಏನು ಮಾಡುತ್ತಿದ್ದಿರಿ. ಅದೇ ಹೊತ್ತಿಗೆ, ವಿಂಡೋಸ್ ತೊಂದರೆಗಳನ್ನು ದಾಖಲಿಸಿಡುವ ಇವೆಂಟ್ ವ್ಯೂವರ್‌ನಲ್ಲಿ ಡಿಸ್ಪ್ಲೇ 4101 ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ನಿಂತಿತ್ತು ಎಂದರ್ಥ. ಕರ್ನಲ್ ಪವರ್ 41 ಕಂಡು ಗಾಬರಿಯಾಗಬೇಡಿ. ನೀವು ಬಟನ್ ಒತ್ತಿ ಆಫ್ ಮಾಡಿದಾಗಲೂ ಅದು ಬರುತ್ತದೆ. ಮಡಿಕೇರಿಯಿಂದ ಮೈಸೂರಿಗೇ 120 ಕಿ.ಮೀ. ಆಗುತ್ತದೆ. ರಿಪೇರಿಗೆ ಅಷ್ಟು ದೂರ ಹೋಗುವುದಾದರೆ ಲ್ಯಾಪ್‌ಟಾಪ್ ಜೊತೆ ಚಾರ್ಜರನ್ನೂ ಆ ಪುಸ್ತಕವನ್ನೂ ಬ್ಯಾಗಿಗೆ ಹಾಕಿಕೊಳ್ಳಿ.