ಕ್ಲಿಕ್ ಮಾಡಿದವರೆಲ್ಲ ಗ್ರಾಹಕರಲ್ಲ

ಹುಡುಕಾಟ ತಾಣಗಳಲ್ಲಿ ಜಾಹೀರಾತು ನಿರ್ವಹಿಸಿಕೊಡುವ ನನ್ನ ಬಳಿಗೆ ಬರುವವರು ಮತ್ತೆ ಮತ್ತೆ ಮುಂದಿಡುವ ಆಸೆ ಇದು: "ನಮ್ಮ ಜಾಹೀರಾತನ್ನು ಎಷ್ಟು ಜನ ಒತ್ತಿದ್ದಾರೆ ಎಂದು ಅದರ ಪಕ್ಕದಲ್ಲೇ ತೋರಿಸಲಾಗದೇ? ಹತ್ತು ಸಾವಿರ ಎಂದು ಕಂಡರೆ ಇನ್ನೂ ಸಾವಿರ ಜನ ತಾವಾಗಿ ಬರುತ್ತಾರೆ." ಬರಬಹುದು. ಬಂದರೇ ತೊಂದರೆ, ಏಕೆಂದರೆ ಹೀಗೆ ಒತ್ತಿ ಬಂದ ಪ್ರತಿಯೊಬ್ಬರ ಲೆಕ್ಕದಲ್ಲೂ ಹುಡುಕಾಟ ತಾಣಕ್ಕೆ ಹಣ ಕಟ್ಟುವವರು ನೀವು.

ಕ್ಲಿಕ್ ಆಗುವುದು ಯಾವಾಗ? ಇದೊಂದನ್ನು ದಯವಿಟ್ಟು ನಿಧಾನವಾಗಿ ಯೋಚಿಸಿ. ನಿಮ್ಮ ಸರಕನ್ನು ನೋಡುವ ಮೊದಲು, ಬೆಲೆ ತಿಳಿಯುವ ಮೊದಲು, ಸೇವೆ ಹೇಗಿದೆಯೆಂದು ಅನುಭವಕ್ಕೆ ಬರುವ ಮೊದಲು. ಆ ಕ್ಷಣದಲ್ಲಿ ಓದುಗರ ಕಣ್ಣ ಮುಂದಿರುವುದು ನೀವು ಬರೆದ ಎರಡು ಮೂರು ಸಾಲು ಮಾತ್ರ. ಪುಟ ತೆರೆದ ಕೂಡಲೇ ಬೇಸತ್ತು ಹಿಂದಿರುಗಿದವರು, ಮೊಬೈಲ್ ಮೇಲೆ ಬೆರಳು ತಪ್ಪಿ ತಗುಲಿಸಿದವರು, ನಿಮ್ಮ ಬೆಲೆ ತಿಳಿಯಲು ಬಂದ ಪ್ರತಿಸ್ಪರ್ಧಿ ಎಲ್ಲರೂ ಆ ಲೆಕ್ಕದೊಳಗಿದ್ದಾರೆ. ಹೊಸ್ತಿಲು ದಾಟಿದವರನ್ನು ಎಣಿಸಿ, ಉಂಡವರೆಲ್ಲ ತೃಪ್ತರಾದರು ಎಂದು ಸಾರಿದಂತೆ ಇದು.

ಒಂದು ಕಲ್ಪಿತ ಲೆಕ್ಕ ನೋಡೋಣ. ಒಬ್ಬರ ಜಾಹೀರಾತು 5 ಲಕ್ಷ ಬಾರಿ ಕಾಣಿಸಿಕೊಂಡು 10,000 ಕ್ಲಿಕ್ ಪಡೆಯಿತು. ಕೊಂಡವರು 50 ಮಂದಿ. ಇನ್ನೊಬ್ಬರದು 5,000 ಬಾರಿ ಕಾಣಿಸಿಕೊಂಡು 400 ಕ್ಲಿಕ್ ಪಡೆಯಿತು. ಕೊಂಡವರು 20 ಮಂದಿ. ಮೊದಲನೆಯವರು ಒಂದು ಮಾರಾಟಕ್ಕೆ 200 ಕ್ಲಿಕ್‌ಗಳ ಹಣ ತೆತ್ತರೆ ಎರಡನೆಯವರು ತೆತ್ತದ್ದು 20ಕ್ಕೆ. ಪರದೆಯ ಮೇಲೆ 10,000 ಮತ್ತು 400 ಎಂದಷ್ಟೇ ಬರೆದರೆ ಗ್ರಾಹಕರು ಯಾರನ್ನು ನಂಬುತ್ತಾರೆ? ಮೇಲಿನ ಸ್ಥಾನ, ದೊಡ್ಡ ಬಜೆಟ್, ಹಳೆಯ ಖಾತೆ, ಇವು ತಂದುಕೊಟ್ಟ ಸಂಖ್ಯೆ ಅವರಿಗೆ ಗುಣಮಟ್ಟದ ಮುದ್ರೆಯಾಗಿ ಕಾಣುತ್ತದೆ. ನಿನ್ನೆಯಷ್ಟೇ ಆರಂಭಿಸಿದ ಒಳ್ಳೆಯ ಸಂಸ್ಥೆಯ ಮುಂದೆ ಸೊನ್ನೆ ನಿಲ್ಲುತ್ತದೆ.

ಕ್ಲಿಕ್‌ಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗೂಗಲ್ 2002ರಲ್ಲಿ ಜಾಹೀರಾತುಗಳ ಸ್ಥಾನ ನಿರ್ಧರಿಸಲು ಹರಾಜಿನ ಮೊತ್ತದ (ಪ್ರತಿ ಕ್ಲಿಕ್‌ಗೆ ಜಾಹೀರಾತುದಾರ ಕೊಡಲೊಪ್ಪಿದ ಹಣ) ಜೊತೆಗೆ ಕ್ಲಿಕ್ ದರವನ್ನೂ, ಅಂದರೆ ಜಾಹೀರಾತು ನೂರು ಬಾರಿ ಕಾಣಿಸಿಕೊಂಡರೆ ಎಷ್ಟು ಕ್ಲಿಕ್ ಬಂತು ಎಂಬುದನ್ನೂ, ಪರಿಗಣಿಸತೊಡಗಿತು. ಗಮನಿಸಿ, ಅದು ದರ, ಒಟ್ಟು ಸಂಖ್ಯೆಯಲ್ಲ. ಒಳಗಿನ ತೂಕಕ್ಕೆ ಬಳಸಿದ್ದೇ ಹೊರತು ಓದುಗರಿಗೆ ತೋರಿಸಲು ಅಲ್ಲ. ಅದಕ್ಕೂ ಮೊದಲು, 1998ರಲ್ಲಿ ಕ್ಲಿಕ್‌ಗೆ ಹಣ ಎಂಬ ಪದ್ಧತಿಯನ್ನು ಆರಂಭಿಸಿದ ಗೋಟು ಎಂಬ ಹುಡುಕಾಟ ತಾಣವು ಪ್ರತಿ ಕ್ಲಿಕ್‌ಗೆ ಜಾಹೀರಾತುದಾರ ಎಷ್ಟು ಕೊಡುತ್ತಾನೆ ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಪ್ರಕಟಿಸುತ್ತಿತ್ತು. ಆ ಸಂಖ್ಯೆ ಕನಿಷ್ಠ ಒಂದು ಸತ್ಯ ಹೇಳುತ್ತಿತ್ತು: ಈ ಸ್ಥಾನ ಹಣ ಕೊಟ್ಟು ಪಡೆದದ್ದು. ಕ್ಲಿಕ್ ಸಂಖ್ಯೆ ಅದೇ ಸತ್ಯವನ್ನು ಜನಪ್ರಿಯತೆಯ ಹಿಂದೆ ಮರೆಮಾಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಇತರರ ಆಯ್ಕೆಯನ್ನು ಕಂಡು ನಾವು ಆರಿಸುವ ಬಗೆಯನ್ನು ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಗೆ ಅಪರಿಚಿತ ಹಾಡುಗಳನ್ನು ಕೊಟ್ಟು, ಕೆಲವರಿಗೆ ಮಾತ್ರ ಡೌನ್‌ಲೋಡ್ ಸಂಖ್ಯೆ ಕಾಣಿಸಿದರು. ಸಂಖ್ಯೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಯಾವುದು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಹಾಡಿನ ಫಲಿತಾಂಶವನ್ನು ಜಾಹೀರಾತಿಗೆ ನೇರವಾಗಿ ಹೊಂದಿಸಲಾಗದು. ಯಾರೂ ಕೇಳಿರದ ಸಂಸ್ಥೆಗೆ ದೊಡ್ಡ ಸಂಖ್ಯೆ ಒಂದಿಷ್ಟು ಧೈರ್ಯ ತರಲೂಬಹುದು. ಆದರೂ ಎಚ್ಚರಿಕೆಗೆ ಇಷ್ಟು ಸಾಕು.

ಸಂಖ್ಯೆ ಕಾಣುವಂತಾದರೆ ಅದನ್ನು ಉಬ್ಬಿಸುವ ಆಸೆಯೂ ಹುಟ್ಟುತ್ತದೆ. ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವ ಶಿಕ್ಷಕಿಯೊಬ್ಬರು ನನ್ನ ಗ್ರಾಹಕರು. ಪಾಠದ ಬಗ್ಗೆ ಅವರಿಗಿರುವ ಶ್ರದ್ಧೆ ನನಗೆ ಅಚ್ಚುಮೆಚ್ಚು. ವರದಿಯಲ್ಲಿ ಕ್ಲಿಕ್ ಏರಲೆಂದು ಅವರು ಬಂಧುಗಳಿಗೆಲ್ಲ ಜಾಹೀರಾತು ಒತ್ತುವಂತೆ ಹೇಳಿದ್ದರು. ವ್ಯವಸ್ಥೆ ಕೆಲವನ್ನು ಅಮಾನ್ಯವೆಂದು ಕಳೆಯಿತು. ಉಳಿದವುಗಳ ಹಣವನ್ನು ಅವರೇ ತೆತ್ತರು. ನಾವು ಜಾಹೀರಾತಿನಲ್ಲೇ ತರಗತಿ, ಸಮಯ, ಶುಲ್ಕ ಬರೆದೆವು. ಕ್ಲಿಕ್‌ಗಳು ಇಳಿದವು, ವಿಚಾರಣೆಯ ಕರೆಗಳು ಹೆಚ್ಚಿದವು. ಈಗ ನಾನು ಅವರಿಗೆ ಕಳಿಸುವ ವರದಿಯ ಮೊದಲ ಸಾಲಿನಲ್ಲಿ ಸೇರಿದ ವಿದ್ಯಾರ್ಥಿಗಳ ಸಂಖ್ಯೆ ಇರುತ್ತದೆ. ಕ್ಲಿಕ್‌ಗಳದು ಕೆಳಗೆಲ್ಲೋ, ಕ್ಲಿಕ್ ದರದ ಜೊತೆಗೆ.